ಹಿಂದಿನ ಸೀಟಿನ ಕೈ

ಯುದ್ಧವಿಮಾನದ ಹಿಂದಿನ ಸೀಟನ್ನು ತೆಗೆದುಹಾಕಿದ ಮೇಲೆ, ವಿಮಾನ ಇಳಿಸುವುದನ್ನು ಕಲಿಸುವ ಕೆಲಸ ಪೂರ್ತಿಯಾಗಿ ಯಂತ್ರದ ಪಾಲಿಗೆ ಬಂತು.

ಮೊದಲೆಲ್ಲ ಕಲಿಯುವವರು ಮುಂದೆ ಕೂರುತ್ತಿದ್ದರು, ಕಲಿಸುವವರು ಹಿಂದೆ. ಇಬ್ಬರಿಗೂ ವಿಮಾನದ ಮೂತಿ ಏರಿಸಿ ಇಳಿಸುವ ಒಂದೊಂದು ಸ್ಟಿಕ್ ಇರುತ್ತಿತ್ತು. ಕೆಳಗೆ ಒಂದು ಕಬ್ಬಿಣದ ಸರಳು ಅವೆರಡನ್ನೂ ಜೋಡಿಸಿತ್ತು. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತಿತ್ತು. ಆಮೇಲೆ ಬಂದ ‘ಶ್ಯೇನ’ವೂ ಅದೇ ವಿಮಾನವೇ. ಆದರೆ ದೂರ ಹಾರಬೇಕೆಂದು ಹಿಂದಿನ ಸೀಟಿನ ಜಾಗದಲ್ಲಿ ಇಂಧನದ ಟ್ಯಾಂಕ್ ಇಟ್ಟರು. ಇನ್ನು ಕಲಿಯುವವರು ಎಲ್ಲವನ್ನೂ ಸಿಮ್ಯುಲೇಟರ್ ಎಂಬ ನಕಲಿ ವಿಮಾನದಲ್ಲೇ ಕಲಿತು, ನಿಜವಾದ ವಿಮಾನವನ್ನು ಮೊದಲ ಸಲವೇ ಒಬ್ಬರೇ ಹತ್ತಬೇಕು, ಒಬ್ಬರೇ ಇಳಿಸಬೇಕು.

ಡೋಣಿ ನದಿಯ ಕಪ್ಪು ಮಣ್ಣಿನ ಬಯಲಿನಲ್ಲಿದ್ದ ಆ ತರಬೇತಿ ನೆಲೆಯಲ್ಲಿ ಇದರ ಫಲವನ್ನು ಎಲ್ಲರೂ ಕಂಡಿದ್ದರು. ಹಿಂದಿನ ತಂಡದವರು ಇಳಿಸಿದಾಗ ವಿಮಾನಗಳು ನೆಲಕ್ಕೆ ಬಡಿದು ಚೆಂಡಿನಂತೆ ಪುಟಿದಿದ್ದವು. ಒಬ್ಬ ಹುಡುಗನ ವಿಮಾನ ಚಕ್ರ ಮುರಿದುಕೊಂಡು ಜೋಳದ ಹೊಲಕ್ಕೆ ನುಗ್ಗಿತ್ತು. ಅವನು ಸೀಟಿನ ಸಮೇತ ಹೊರಗೆ ಹಾರಿ ಜೀವ ಉಳಿಸಿಕೊಂಡನಾದರೂ ಬೆನ್ನುಮೂಳೆ ಮುರಿದು ಇನ್ನೂ ಆಸ್ಪತ್ರೆಯಲ್ಲಿದ್ದ. ಸಿಮ್ಯುಲೇಟರಿನಲ್ಲಿ ಮಾತ್ರ ಅವನು ತಂಡಕ್ಕೇ ಮೊದಲಿಗನಾಗಿದ್ದ.

ಈಗ ಹೊಸ ತಂಡದ ಇಂಪನಳ ಸರದಿ. ಬರುವ ತಿಂಗಳ ಮೊದಲ ವಾರ ಅವಳು ಹಾರಬೇಕಿತ್ತು.

ನಿಯಂತ್ರಣ ಕೋಣೆಯ ಗಾಜಿನಾಚೆ ಸಿಮ್ಯುಲೇಟರ್ ತನ್ನ ಉದ್ದನೆಯ ಕಾಲುಗಳ ಮೇಲೆ ನಿಧಾನವಾಗಿ ವಾಲುತ್ತಿತ್ತು. ಪರದೆಯ ಮೇಲೆ ರನ್‌ವೇ ದೊಡ್ಡದಾಗುತ್ತ ಬಂತು. ಒಳಗೆ ಕೂತಿದ್ದ ಇಂಪನ ಸ್ಟಿಕ್ಕನ್ನು ತುಸು ಹಿಂದಕ್ಕೆಳೆದಳು. ವಿಮಾನದ ಮೂತಿ ಎದ್ದಿತು, ಹಿಂದಿನ ಚಕ್ರಗಳು ನೆಲ ಮುಟ್ಟಿದವು, ಆಮೇಲೆ ಮುಂದಿನದು. ಹೂವು ಇಟ್ಟಂತೆ.

"ನೂರಕ್ಕ ತೊಂಬತ್ತಾರು," ಎಂದ ಯಂತ್ರದ ಮುಂದೆ ಕೂತಿದ್ದ ಅಲ್ತಾಫ್ ಮಕಾನದಾರ. "ಅಕ್ಕಾರ, ಈಕಿಗೆ ಇನ್ನ ಕಲಿಸೂದು ಏನೂ ಉಳದಿಲ್ಲ. ಪೇಢೆ ತರಸ್ರಿ."

ಅಕ್ಕಾರ ಎಂದರೆ ಮಧುಮತಿ ಬಿರಾದಾರ. ಸಿಮ್ಯುಲೇಟರಿನಲ್ಲಿ ವಿಮಾನ ನೆಲ ಮುಟ್ಟುವ ಕೊನೆಯ ಕ್ಷಣಗಳ ಲೆಕ್ಕವೆಲ್ಲ ಆಕೆಯ ಜವಾಬ್ದಾರಿ. ಆಕೆ ಪೇಢೆಯ ಮಾತಿಗೆ ನಗಲಿಲ್ಲ.

"ಆ ಹುಡುಗಗೂ ಹಿಂಗ ಬಂದಿತ್ತು, ಅಲ್ತಾಫ್."

ಮೊದಲು ಈ ಯಂತ್ರ ಬರೀ ಸೂತ್ರಗಳಿಂದ ನಡೆಯುತ್ತಿತ್ತು. ಹಳೆಯ ಪೈಲಟ್‌ಗಳು ಬಂದು ಕೂತು, "ಇದು ವಿಮಾನ ಅಲ್ಲ, ಎತ್ತಿನಗಾಡಿ," ಎಂದು ಹೀಯಾಳಿಸಿ ಹೋಗುತ್ತಿದ್ದರು. ಆಗ ಮಧುಮತಿ ಒಂದು ದಾರಿ ಹುಡುಕಿದಳು. ಎರಡು ಸೀಟಿನ ಕಾಲದಲ್ಲಿ ಶಿಷ್ಯರು ಇಳಿಸಿದ ಪ್ರತಿಯೊಂದು ವಿಮಾನದ ದಾಖಲೆಯೂ ಇತ್ತು: ಶಿಷ್ಯನ ಕೈ ಸ್ಟಿಕ್ಕಿನ ಮೇಲೆ ಎಷ್ಟು ಒತ್ತಿತು, ಅದಕ್ಕೆ ವಿಮಾನ ಹೇಗೆ ನಡೆದುಕೊಂಡಿತು ಎಂಬುದು. ಅಷ್ಟನ್ನೂ ಯಂತ್ರಕ್ಕೆ ತಿನ್ನಿಸಿದಳು. ಯಂತ್ರ ತಾನಾಗಿ ಕಲಿಯಿತು. ಹಳೆಯ ಗುರುಗಳು ಮತ್ತೆ ಬಂದು ಕೂತು, "ಹಾಂ, ಈಗ ವಿಮಾನ ಆತು ನೋಡು. ಹುಡುಗರು ಇಳಸಿದ್ರ ಥೇಟ್ ಹಿಂಗ ಇಳೀತಿತ್ತು," ಎಂದು ಬೆನ್ನು ತಟ್ಟಿದ್ದರು.

ಹಾಗಿದ್ದರೆ ನಿಜವಾದ ರನ್‌ವೇಯ ಮೇಲೆ ವಿಮಾನಗಳು ಯಾಕೆ ಬೀಳುತ್ತಿವೆ? ಟಯರಿನ ಲೆಕ್ಕ, ಗಾಳಿಯ ಲೆಕ್ಕ, ಬಿಸಿಲಿಗೆ ಕಪ್ಪು ಮಣ್ಣಿನಿಂದ ಏಳುವ ಕಾವಿನ ಲೆಕ್ಕ, ಎಲ್ಲವನ್ನೂ ತಿರುಗಿ ನೋಡಿದ್ದಾಯಿತು. ಎಲ್ಲವೂ ಸರಿಯಿತ್ತು.

ಕೇಂದ್ರದ ಮುಖ್ಯಸ್ಥರಾದ ಗ್ರೂಪ್ ಕ್ಯಾಪ್ಟನ್ ಜಹಗೀರದಾರ ಅವರದು ಒಂದೇ ಮಾತು. "ಯಂತ್ರ ಸರಿ ಐತಿ ಮೇಡಂ. ಈಗಿನ ಹುಡುಗರಿಗೆ ಎದೀ ಇಲ್ಲ. ಖರೇ ನೆಲ ಕಂಡ ಕೂಡ್ಲೇ ಕೈ ನಡಗತಾವ."

ಮಧುಮತಿ ಇಂಪನಳ ಕೈಗಳನ್ನು ದಿನವೂ ನೋಡುತ್ತಿದ್ದಳು. ಅವು ನಡುಗುವ ಕೈಗಳಾಗಿರಲಿಲ್ಲ.

*

ಭಾನುವಾರ ಮೆಸ್ಸಿನಲ್ಲಿ ಊಟ ಸಪ್ಪೆ. ಅದಕ್ಕೇ ಇಂಪನ ಬಿರಾದಾರರ ಮನೆಗೆ ಬರುತ್ತಿದ್ದಳು. ಕೆ.ಆರ್. ಪೇಟೆ ಕಡೆಯ ಹುಡುಗಿ. ರಾಗಿ ಮುದ್ದೆ ನುಂಗಿ ಬೆಳೆದವಳಿಗೆ ಈ ಕಡೆಯ ಜೋಳದ ರೊಟ್ಟಿಯ ರುಚಿ ಹತ್ತಿತ್ತು. ಅದನ್ನು ತಾನೂ ಬಡಿಯಬೇಕೆಂಬ ಹಟ.

ಆ ಮನೆಯಲ್ಲಿ ರೊಟ್ಟಿ ಬಡಿಯುವವರು ಮಧುಮತಿಯ ಗಂಡ ಸಂಗನಬಸು. ಬಹಳ ವರ್ಷ ಹಿಂದಿನ ಸೀಟಿನಲ್ಲಿ ಕೂತು ಹುಡುಗರಿಗೆ ಹಾರಲು ಕಲಿಸಿದವರು. ಆ ಸೀಟು ತೆಗೆದ ವರ್ಷವೇ ನಿವೃತ್ತಿ ಪಡೆದು ಮನೆಗೆ ಬಂದರು. ಹೆಂಡತಿ ಕೆಲಸ ಮಾಡುವ ಸಿಮ್ಯುಲೇಟರ್ ಕಟ್ಟಡದ ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಲ್ಲ. "ನನ್ನ ಸೀಟು ನುಂಗಿದ ಯಂತ್ರ ಅದು," ಎನ್ನುತ್ತಿದ್ದರು. ಅರ್ಧ ತಮಾಷೆ, ಅರ್ಧ ಅಲ್ಲ.

"ಹಿಂಗಲ್ಲ ತಂಗಿ. ಕೈ ಸಡಲ ಬಿಡು. ನೀ ಏನ್ ಕಳ್ಳನ್ನ ಹೊಡ್ಯಾಕತ್ತೀಯೇನು?"

"ಅಯ್ಯೋ ಸರ್, ಅಂಚು ಬಿರುಕ್ ಬುಡ್ತಾ ಅದೆ."

"ಬಿಡಲಿ. ತಿರಗಸ್ಕೋತ ಬಡಿ. ಹಾಂ... ಹಾಂ... ನೋಡು, ನೋಡು!"

ರೊಟ್ಟಿ ಇಂಪನಳ ಅಂಗೈ ಕೆಳಗೆ ಗುಂಡಗೆ ತಿರುಗುತ್ತ ಅಗಲವಾಯಿತು. ಹುಡುಗಿಯ ಮುಖ ಅರಳಿತು.

"ಶಾಬಾಸ್! ನಾ ಕೈ ಹಚ್ಚಿಲ್ಲ ನೋಡು, ಎಲ್ಲಾ ನೀನ ಮಾಡಿದ್ದು."

ಬಾಗಿಲಿಗೆ ಒರಗಿ ಈರುಳ್ಳಿ ಹೆಚ್ಚುತ್ತಿದ್ದ ಮಧುಮತಿಯ ಕೈ ನಿಂತಿತು. ಆಕೆ ಕಣ್ಣಾರೆ ಕಂಡಿದ್ದಳು. ಅಂಚು ಬಿರುಕು ಬಿಟ್ಟ ಕಡೆಯಲ್ಲೆಲ್ಲ ಗಂಡನ ಕಿರುಬೆರಳು ಬಂದು ಅದನ್ನು ಒಳಗೆ ಒತ್ತಿ ಹೋಗುತ್ತಿತ್ತು. ರೊಟ್ಟಿ ತಿರುಗದೆ ಅಂಟಿಕೊಂಡಾಗ ಹೆಬ್ಬೆರಳು ಒಂದಿಷ್ಟು ದೂಡುತ್ತಿತ್ತು. ಇಂಪನ ತನ್ನ ಅಂಗೈಯನ್ನೇ ನೋಡುತ್ತಿದ್ದಳು, ಅದನ್ನು ಕಾಣಲಿಲ್ಲ.

"ರೀ, ನೀವು ಕೈ ಹಚ್ಚಿದ್ರಿ," ಎಂದಳು ಮಧುಮತಿ.

"ಎಲ್ಲಿ ಹಚ್ಚೀನಿ? ಸುಳ್ಳ ಹೇಳಬ್ಯಾಡ."

ಆತ ಸುಳ್ಳು ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಆ ಮುಖ ಓದಲು ಬರುತ್ತಿತ್ತು. ಕೈ ಮಾಡಿದ್ದು ಆತನಿಗೇ ಗೊತ್ತಿರಲಿಲ್ಲ.

"ವಿಮಾನದಾಗೂ ಹಿಂಗ ಮಾಡತಿದ್ರೇನು?"

"ಏ, ಏನ್ ಮಾತಾಡತಿ? ಹುಡುಗ ಇಳಸೂಮುಂದ ಸ್ಟಿಕ್ ಮುಟ್ಟೋ ಗುರು ಗುರು ಅಲ್ಲ. ಒಂದ ದಿನಾನೂ ಮುಟ್ಟಿಲ್ಲ ನಾ. ಬಾಯಿಲೆ ಹೇಳತಿದ್ದೆ, ಅಷ್ಟ."

ಮಧುಮತಿ ಈರುಳ್ಳಿಯನ್ನು ಅಲ್ಲೇ ಬಿಟ್ಟು ಒಳಗಿನ ಕುರ್ಚಿಯ ಮೇಲೆ ಕೂತಳು. ಒಂದು ಹಳೆಯ ಸಂಗತಿ ಈಗ ಬೇರೆಯಾಗಿ ಕಾಣತೊಡಗಿತು. ಎರಡು ಸೀಟಿನ ವಿಮಾನಗಳಲ್ಲಿ ಕೈಯ ಒತ್ತಡ ಅಳೆಯುವ ಸಾಧನವನ್ನು ಮೊದಲು ಎರಡೂ ಸ್ಟಿಕ್ಕುಗಳಿಗೆ ಹಾಕಿದ್ದರು. ಗುರುಗಳೆಲ್ಲ ಸಿಟ್ಟಿಗೆದ್ದರು. ಶಿಷ್ಯನನ್ನು ಅಳೆಯಿರಿ, ಗುರುವಿನ ಕೈಯನ್ನೂ ತೂಗುತ್ತೀರಾ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಸಂಗನಬಸುವೇ. ಮೇಲಿನವರು ಕ್ಷಮೆ ಕೇಳಿ ಹಿಂದಿನ ಸೀಟಿನ ಸಾಧನಗಳನ್ನು ತೆಗೆಸಿದರು. ಗುರುವಿನ ಮರ್ಯಾದೆಯ ವಿಷಯ. ಯಾರೂ ಅದನ್ನು ತಪ್ಪು ಎಂದುಕೊಳ್ಳಲಿಲ್ಲ.

ಹಾಗಾಗಿ ದಾಖಲೆಯಲ್ಲಿ ಉಳಿದದ್ದು ಶಿಷ್ಯನ ಕೈ ಮಾತ್ರ. ಶಿಷ್ಯ ತಡಮಾಡಿದ್ದಾನೆ, ಆದರೂ ಮೂತಿ ಎದ್ದಿದೆ. ಶಿಷ್ಯ ಕಡಿಮೆ ಎಳೆದಿದ್ದಾನೆ, ಆದರೂ ವಿಮಾನ ಮೆತ್ತಗೆ ಕೂತಿದೆ. ಇಂಥ ಸಾವಿರಾರು ದಾಖಲೆ ನೋಡಿದ ಯಂತ್ರ ಏನು ಕಲಿಯಬೇಕು? ನೆಲ ಹತ್ತಿರ ಬಂದಾಗ ಈ ವಿಮಾನ ತಾನಾಗಿಯೇ ಮೂತಿ ಎತ್ತುತ್ತದೆ ಎಂದು ಕಲಿತಿತ್ತು.

ಆಕೆ ಅಡುಗೆಮನೆಗೆ ಬಂದು ಇದನ್ನೆಲ್ಲ ಇಬ್ಬರಿಗೂ ಹೇಳಿದಳು. ಹಂಚಿನ ಮೇಲೆ ರೊಟ್ಟಿ ಸೀಯಿತು. ಸಂಗನಬಸು ಕೆಂಪಾದರು.

"ಅಂದ್ರ ಆ ಹುಡುಗ ಹೊಲಕ್ಕ ಬಿದ್ದದ್ದು ನನ್ನಿಂದ ಅಂತೀಯೇನು?"

"ನಾ ಹಂಗಂದಿಲ್ಲ."

"ಮತ್ತ ಹೆಂಗ?"

ಇಂಪನ ಕೈಯ ಹಿಟ್ಟನ್ನು ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ದನಿ ಮೆಲ್ಲಗಿತ್ತು.

"ಸರ್, ಬರೋ ತಿಂಗ್ಳು ವಿಮಾನ ಹತ್ತೋಳು ನಾನು. ನೀವು ಮುಟ್ತಿದ್ರೋ ಇಲ್ವೋ ಅಂತ ಒಂದ್ಸಲ ಬಂದು ತೋರ್ಸ್‌ಬುಡಿ. ಮುಟ್ಟಿಲ್ಲ ಅಂದ್ರೆ ಮೇಡಂ ನಿಮ್ಗೆ ಪೇಢೆ ಕೊಡುಸ್ತಾರೆ."

*

ಸಂಗನಬಸು ಬಂದರು. ಮನೆಯ ಚಪ್ಪಲಿಯಲ್ಲೇ ಬಂದರು, ಇದು ದೊಡ್ಡ ವಿಷಯವೇನಲ್ಲ ಎಂದು ತೋರಿಸುವವರ ಹಾಗೆ. ಸಿಮ್ಯುಲೇಟರಿನೊಳಗೆ ಹಳೆಯ ಮಾದರಿಯ ಹಿಂದಿನ ಸೀಟು ಜೋಡಿಸಿದ್ದರು. ಅದರ ಸ್ಟಿಕ್ಕಿಗೆ ಈ ಸಲ ಅಳೆಯುವ ಸಾಧನವಿತ್ತು. ಯಂತ್ರ ಕಲಿತದ್ದನ್ನೆಲ್ಲ ಮುಚ್ಚಿಟ್ಟು, ಬರೀ ಸೂತ್ರಗಳ ಮೇಲೆ ನಡೆಸುವಂತೆ ಮಧುಮತಿ ಹೇಳಿದಳು.

"ಸ್ಟಿಕ್ ಮುಟ್ಟಬ್ಯಾಡ್ರಿ," ಎಂದಳು ಮೈಕಿನಲ್ಲಿ.

"ಸುಮ್ಮ ಹಿಡಕೊಂಡಿರತೇನಿ. ಹಿಡಕೊಳ್ಳದ ಕೂತು ನನಗ ಗೊತ್ತಿಲ್ಲ."

ಇಂಪನ ಇಳಿಸಿದಳು. ಚೆನ್ನಾಗಿಯೇ ಇಳಿಯಿತು. ಒಳಗಿನಿಂದ ಸಂಗನಬಸು ಅವರ ದನಿ ಕೇಳಿತು: "ಏನ್ ಚಂದ ಇಳಸಿದಿ ತಂಗಿ! ನೋಡಿದಿ? ಮುಟ್ಟಿಲ್ಲ."

ಅವರನ್ನು ಹೊರಗೆ ಕರೆದು ಪರದೆಯ ಮುಂದೆ ಕೂರಿಸಿದರು. ಇಂಪನಳ ಕೈಯದು ನೀಲಿ ಗೆರೆ, ಅವರದು ಕೆಂಪು. ಆಕಾಶದಿಂದ ಕೆಳಗೆ ಬರುವವರೆಗೂ ಕೆಂಪು ಗೆರೆ ನೇರವಾಗಿ ಮಲಗಿತ್ತು. ನೆಲ ಹತ್ತಿರವಾದ ಕೂಡಲೇ ಎದ್ದಿತು, ನೀಲಿಗಿಂತ ಮೊದಲು. ಅದು ದೊಡ್ಡದೇನಲ್ಲ. ಒಂದು ಕಿರುಬೆರಳಿನಷ್ಟು.

ಸಂಗನಬಸು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ತಿರುಗಿಸಿ, ಅದು ಬೇರೆ ಯಾರದೋ ಎಂಬಂತೆ ನೋಡಿದರು.

"ಈ ಗೆರೀ ನಂದ?"

"ನಿಮ್ಮದರಿ ಸಾಹೇಬ್ರ," ಎಂದ ಅಲ್ತಾಫ್. "ನಂದಂತೂ ಅಲ್ಲ, ನಾ ಚಾ ಕುಡ್ಯಾಕತ್ತಿದ್ದೆ."

ಯಾರೂ ನಗಲಿಲ್ಲ. ಕಡೆಗೆ ಸಂಗನಬಸುವೇ ನಕ್ಕರು, ಆದರೆ ಕಣ್ಣು ಒರೆಸಿಕೊಂಡರು. "ಉಳದವರನ್ನೂ ಕರಸು," ಎಂದರು ಹೆಂಡತಿಗೆ. "ನಾ ಒಬ್ಬನ ಅಲ್ಲ."

ಬೆಳಗಾವಿಯಿಂದ, ಬೀದರಿನಿಂದ, ಹುಬ್ಬಳ್ಳಿಯಿಂದ ಹಳೆಯ ಗುರುಗಳು ಬಂದರು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಕಿವಿ ಮಂದ. ಪ್ರತಿಯೊಬ್ಬರೂ ತಾವು ಮುಟ್ಟುತ್ತಿರಲಿಲ್ಲ, ಬೇರೆಯವರು ಮುಟ್ಟುತ್ತಿದ್ದಿರಬಹುದು ಎಂದರು. ಪ್ರತಿಯೊಬ್ಬರ ಕೆಂಪು ಗೆರೆಯೂ ವಿಮಾನ ನೆಲದಿಂದ ಅದೇ ಎತ್ತರದಲ್ಲಿದ್ದಾಗ ಎದ್ದಿತು. ಆ ಕೈಗಳ ಅಭ್ಯಾಸವನ್ನೆಲ್ಲ ಯಂತ್ರಕ್ಕೆ ಕಲಿಸಿ, ಇದು ವಿಮಾನದ ಗುಣವಲ್ಲ, ಇದನ್ನು ಕಳೆ ಎಂದು ಮಧುಮತಿ ಹೇಳಿಕೊಟ್ಟಳು. ಇಳಿಯುವ ಕೊನೆಯ ಆ ತುಣುಕಿನಲ್ಲಿ, ಶಿಷ್ಯನ ಕೈ ಎತ್ತದೆಯೂ ಮೂತಿ ಎದ್ದದ್ದನ್ನೆಲ್ಲ ಯಂತ್ರ ಕಳೆದುಹಾಕಿತು.

ಹೊಸ ಸಿಮ್ಯುಲೇಟರಿನಲ್ಲಿ ಇಂಪನ ಮೊದಲ ಸಲ ಇಳಿಸಿದಾಗ ವಿಮಾನ ಕಲ್ಲಿನಂತೆ ನೆಲಕ್ಕೆ ಬಡಿಯಿತು. ಪರದೆ ಕೆಂಪಾಯಿತು.

ಎರಡನೆಯ ಸಲವೂ ಕೆಂಪು. ಮೂರನೆಯ ಸಲ ಹೆದರಿ ಬೇಗ ಎಳೆದಳು; ವಿಮಾನ ಮೇಲೆದ್ದು, ವೇಗ ಕಳೆದುಕೊಂಡು, ರೆಕ್ಕೆಯ ಮೇಲೆ ಬಿತ್ತು. ಅವಳು ಹೆಲ್ಮೆಟ್ ತೆಗೆದು ಹೊರಗೆ ಬಂದಳು. ಕೂದಲು ಹಣೆಗೆ ಅಂಟಿತ್ತು.

"ಹಂಗಾರೆ ಇಷ್ಟು ದಿವ್ಸ ನಂಗೆ ಏನೂ ಬರ್ತಿರ್ಲಿಲ್ಲ," ಎಂದಳು. "ಆ ತೊಂಬತ್ತಾರು ನಂದಲ್ಲ."

ಮಧುಮತಿ ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ. "ಪೂರ್ತಿ ನಿಂದಲ್ಲ," ಎಂದಳು.

ಜಹಗೀರದಾರ ಅವರಿಗೆ ಸುದ್ದಿ ಮುಟ್ಟಿತು. ಅವರು ಒಳಗೆ ಬಂದಾಗ ಸಿಟ್ಟಿಗಿಂತ ಹೆಚ್ಚಾಗಿ ಭಯದಲ್ಲಿದ್ದರು. ಆಸ್ಪತ್ರೆಯಲ್ಲಿದ್ದ ಹುಡುಗನ ತಾಯಿಗೆ ಪ್ರತಿವಾರ ಫೋನ್ ಮಾಡುತ್ತಿದ್ದವರು ಅವರೇ.

"ಮೇಡಂ, ಇದನ್ನ ವಾಪಸ್ ಹಳೇದಕ್ಕ ಹಾಕ್ರಿ. ಮೊದಲಿನಂಗ ನಾಕು ಛಲೋ ಲ್ಯಾಂಡಿಂಗ್ ಮಾಡಿ, ಧೈರ್ಯ ತಗೊಂಡು ಹೋಗಲಿ. ಅಂಜಿದ ಹುಡುಗೀನ್ನ ನಾ ಮ್ಯಾಲೆ ಕಳಸೂದಿಲ್ಲ. ಆಕಿ ಹೆಸರು ತಗದಬಿಡತೇನಿ."

"ಸುಳ್ಳು ಧೈರ್ಯ ಕೊಟ್ಟು ಒಬ್ಬನ್ನ ಕಳಸೇವಿ ಸರ್."

"ಆಕೀನ್ನ ಕೇಳ್ರಿ ಹಂಗಾರ," ಎಂದರು ಅವರು, ಸುಸ್ತಾದವರಂತೆ.

ಇಂಪನ ನೀರು ಕುಡಿಯುತ್ತಿದ್ದಳು. ಬಾಟಲಿ ಕೆಳಗಿಟ್ಟು ಜಹಗೀರದಾರರನ್ನು ನೇರವಾಗಿ ನೋಡಿದಳು.

"ಸರ್, ಬೀಳೋದಿದ್ರೆ ಇಲ್ಲೇ ಬಿದ್ಬುಡ್ತೀನಿ. ಇಲ್ಲಿ ಬಿದ್ರೆ ಮೆಸ್ಸಿಗೆ ನಡ್ಕಂಡು ಹೋಗ್ಬೋದು. ಹಳೇದು ಬ್ಯಾಡ."

ಅವಳು ಬಿದ್ದಳು, ದಿನಗಟ್ಟಲೆ. ಸೀಟಿನ ಹೊಡೆತಕ್ಕೆ ಬೆನ್ನು ಕಂದಿತ್ತು. ಆ ಭಾನುವಾರ ಊಟಕ್ಕೂ ಬರಲಿಲ್ಲ. ಸಂಗನಬಸು ಡಬ್ಬಿ ಕಟ್ಟಿಕೊಂಡು ಸಿಮ್ಯುಲೇಟರ್ ಕಟ್ಟಡಕ್ಕೇ ಹೋದರು. ಆಮೇಲೆ ದಿನವೂ ಹೋಗತೊಡಗಿದರು. ಹಿಂದಿನ ಸೀಟನ್ನು ತೆಗೆದಿದ್ದರು. ಅವರು ನಿಯಂತ್ರಣ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ವಿಮಾನ ನೆಲದ ಹತ್ತಿರ ಬಂದಾಗ ಅವರ ಭುಜ ಮೇಲೇಳುವುದು ಮಧುಮತಿಗೆ ಕಾಣುತ್ತಿತ್ತು. ಬಾಯಿ ತೆರೆದರೆ ಅಲ್ತಾಫ್ ಬೆರಳು ತೋರಿಸುತ್ತಿದ್ದ.

"ಸಾಹೇಬ್ರ, ಬಾಯಿನೂ ಕೈನ ಅದ. ಸುಮ್ಮ ಕೂಡ್ರಿ."

ಬಿದ್ದು ಬಿದ್ದು ಇಂಪನಳ ಕೈ ಬೇರೆಯಾಯಿತು. ಮೊದಲು ಅವಳು ಒಂದೇ ಸಲ ಎಳೆದು ಬಿಡುತ್ತಿದ್ದಳು, ಉಳಿದದ್ದು ಆಗುತ್ತಿತ್ತು. ಈಗ ನೆಲ ಮುಟ್ಟುವ ತನಕ ಕೈ ಕೆಲಸ ಬಿಡುತ್ತಿರಲಿಲ್ಲ: ತುಸು ಎಳೆದು, ನಿಂತು, ಕಂಡು, ಮತ್ತೆ ತುಸು. ಒಂದು ಮಧ್ಯಾಹ್ನ ಪರದೆ ಹಸಿರಾಯಿತು. ಅಂಕ ಬರೀ ಅರವತ್ತೊಂದು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಅಲ್ತಾಫ್ ಪೇಢೆಯ ಮಾತೆತ್ತದೆ ಹೊರಗೆ ಹೋಗಿ ನಿಜವಾಗಿಯೂ ಪೇಢೆ ತಂದ.

ಜಹಗೀರದಾರ ಅವರು ಇಂಪನಳ ಹೆಸರನ್ನು ತೆಗೆಯಲಿಲ್ಲ.

*

ಇಂಪನ ಹಾರುವ ದಿನ ಬೆಳಗ್ಗೆ ಅಡ್ಡಗಾಳಿ ಇತ್ತು. ಕುಸುಬೆಯ ಹೊಲಗಳ ಮೇಲಿಂದ ಬೀಸುತ್ತಿತ್ತು. ರನ್‌ವೇ ಪಕ್ಕದಲ್ಲಿ ನಿಂತ ಜೀಪಿನಲ್ಲಿ ಮಧುಮತಿ, ಜಹಗೀರದಾರ, ಅಲ್ತಾಫ್ ಇದ್ದರು. ಸಂಗನಬಸುವಿಗೆ ಒಳಗೆ ಬರಲು ಅನುಮತಿ ಕೊಡಿಸಿದ್ದರು. ಅವರು ಜೀಪಿನಿಂದಿಳಿದು ದೂರ ನಿಂತಿದ್ದರು. ಸ್ವಲ್ಪ ಹಿಂದೆ ಬೆಂಕಿ ಆರಿಸುವ ಲಾರಿ, ಆಂಬುಲೆನ್ಸ್. ಅವುಗಳ ಕಡೆಗೆ ಯಾರೂ ನೋಡುತ್ತಿರಲಿಲ್ಲ.

‘ಶ್ಯೇನ’ ಮೊದಲು ಒಂದು ಚುಕ್ಕೆಯಾಗಿತ್ತು. ಆಮೇಲೆ ಚಕ್ರಗಳು ಕಂಡವು.

"ಎತ್ತರ ಸರಿ ಐತಿ," ಎಂದ ಅಲ್ತಾಫ್.

ರೇಡಿಯೋದಲ್ಲಿ ಇಂಪನಳ ಉಸಿರು ಕೇಳುತ್ತಿತ್ತು. ವಿಮಾನ ಗಾಳಿಗೆ ಓರೆಯಾಗಿ ಬರುತ್ತಿತ್ತು. ಬಿಸಿಯೆದ್ದ ಕಪ್ಪು ಹೊಲ ದಾಟುವಾಗ ಒಮ್ಮೆ ಕುಲುಕಿತು. ರನ್‌ವೇಯ ಅಂಚು ಬಂತು. ಹಿಂದಿನ ತಂಡದವರ ವಿಮಾನಗಳ ಮೂತಿ ಕೆಳಗೇ ಉಳಿದದ್ದು ಇಲ್ಲೇ. ತಾನಾಗಿ ಏಳುತ್ತದೆಂದು ಅವರು ಕಾದಿದ್ದರು. ಈ ವಿಮಾನದ ಮೂತಿ ಎದ್ದಿತು. ನಿಂತಿತು. ಮತ್ತೆ ತುಸು ಎದ್ದಿತು.

ಆಗ, ನೆಲ ಇನ್ನೇನು ಸಿಕ್ಕಿತು ಎನ್ನುವಾಗ, ವಿಮಾನ ಇಳಿಯಲಿಲ್ಲ. ರನ್‌ವೇಯ ಮೇಲೆ ಒಂದಾಳೆತ್ತರದಲ್ಲಿ ಸುಮ್ಮನೆ ತೇಲುತ್ತ ಹೋಯಿತು.

"ಯಾಕ ಇಳೀವಲ್ಲದು?" ಎಂದರು ಜಹಗೀರದಾರ. "ಯಾಕ?"

ತನ್ನ ಯಂತ್ರ ಇದನ್ನು ಆ ಹುಡುಗಿಗೆ ಕಲಿಸಿಲ್ಲ ಎಂದು ಮಧುಮತಿಗೆ ಆ ಕ್ಷಣವೇ ಹೊಳೆದಿತ್ತು. ಇಂಪನ ಗಾಬರಿಯಾಗಿ ಸ್ಟಿಕ್ಕನ್ನು ಮುಂದಕ್ಕೆ ದೂಡಿದರೆ ಮೂತಿ ನೆಲಕ್ಕೆ ಬಡಿಯುತ್ತದೆ. ಇನ್ನೂ ಎಳೆದರೆ ವಿಮಾನ ಮೇಲೆದ್ದು ಬೀಳುತ್ತದೆ. ಹೇಳಿಕೊಡಲು ಹಿಂದೆ ಯಾರೂ ಇಲ್ಲ.

ಇಂಪನ ಎರಡನ್ನೂ ಮಾಡಲಿಲ್ಲ. ಕಾದಳು. ವಿಮಾನ ತೇಲಿತು, ನಿಧಾನವಾಯಿತು, ಎಡ ಚಕ್ರ ಮೊದಲು ತಾಗಿ ಹೊಗೆ ಎದ್ದಿತು, ಬಲ ಚಕ್ರ ತಾಗಿತು. ಒಂದು ಸಣ್ಣ ಪುಟಿತ. ಮತ್ತೆ ಕೂತಿತು. ಮುಂದಿನ ಚಕ್ರ ದಡ್ಡೆಂದು ಇಳಿಯಿತು. ವೇಗ ತಡೆಯುವ ಬಿಳಿಯ ಪ್ಯಾರಾಚೂಟ್ ಹಿಂದೆ ಬಿಚ್ಚಿಕೊಂಡಿತು.

ಜೀಪಿನಲ್ಲಿ ಜಹಗೀರದಾರ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಫೋನ್ ಹೊರತೆಗೆದು, ಆಸ್ಪತ್ರೆಯಲ್ಲಿದ್ದ ಹುಡುಗನಿಗೆ ಸುದ್ದಿ ಹೇಳಲು ದೂರ ಹೋದರು.

ಇಂಪನ ಏಣಿಯಿಂದ ಇಳಿದಳು. ಕೈ ನಡುಗುತ್ತಿರಲಿಲ್ಲ. ಸಂಗನಬಸು ಮುಂದೆ ಹೋಗಿ ನಿಂತರು.

"ಮೇಡಂ," ಎಂದಳು ಅವಳು ಮಧುಮತಿಯನ್ನು ನೋಡಿ, "ನಿಮ್ ಯಂತ್ರ ಇನ್ನೂ ಸರಿಯಿಲ್ಲ."

"ಗೊತ್ತಾತು. ಹೇಳು."

"ಮೊದ್ಲು ತೀರಾ ಮೆತ್ತಗಿತ್ತು. ಈಗ ತೀರಾ ಗಟ್ಟಿ ಮಾಡ್ಬುಟ್ಟಿದ್ದೀರ. ಕೊನೇಲಿ ಯಾರೋ ಕೆಳಗಿಂದ ಹಿಡ್ಕಂಡಂಗಾಯ್ತು. ಸ್ಟಿಕ್ ನೋಡ್ದೆ, ನನ್ ಕೈ ಅಲುಗಿರ್ಲಿಲ್ಲ. ಟ್ಯಾಂಕ್ ಬುಟ್ರೆ ಹಿಂದೆ ಯಾರೂ ಇಲ್ಲ. ಗಾಳಿ ಮೇಡಂ. ನೆಲಕ್ಕೂ ರೆಕ್ಕೆಗೂ ನಡುವೆ ಗಾಳಿ ಸಿಕ್ಕಾಕ್ಕೊಂಡು, ಹಾಸಿಗೆ ತರ ಹಿಡ್ಕೊಂಡ್‌ಬುಡ್ತು. ಅದ್ಕೆ ಸುಮ್ಕೆ ಕಾದೆ."

ಗುರುಗಳ ಕೈ ಎದ್ದ ಎತ್ತರದಲ್ಲೇ ಗಾಳಿಯೂ ರೆಕ್ಕೆಯನ್ನು ಎತ್ತುತ್ತಿತ್ತು. ಯಂತ್ರ ಎರಡನ್ನೂ ಒಂದೇ ಎಂದುಕೊಂಡು ಒಟ್ಟಿಗೇ ಕಳೆದುಬಿಟ್ಟಿತ್ತು. ಮಧುಮತಿ ಆಗಲೇ ಮನಸ್ಸಿನಲ್ಲಿ ಅದನ್ನು ಬಿಡಿಸತೊಡಗಿದ್ದಳು. ಈಗ ಅದು ಕಷ್ಟವಲ್ಲ. ಒಂದೇ ಜೊತೆ ಕೈಗಳಿಂದ, ಬಡಿಯದೆ ಗಾಳಿಯ ಮೇಲೆ ತೇಲಿ ಇಳಿದ ಒಂದು ವಿಮಾನದ ದಾಖಲೆ ಕಡೆಗೂ ಆಕೆಯ ಬಳಿ ಇತ್ತು.

"ದಾಖಲೆದಾಗಿಂದ ಆ ಪುಟಿದದ್ದನ್ನ ತಗದ ಹಾಕಲೇನ್ರಿ ಅಕ್ಕಾರ?" ಎಂದ ಅಲ್ತಾಫ್.

"ಏನೂ ತಗೀಬ್ಯಾಡ. ಹಂಗ ಇರಲಿ."

ಸಂಗನಬಸು ರನ್‌ವೇಯ ಕಡೆ ನೋಡುತ್ತ ನಿಂತಿದ್ದರು. ಸಾವಿರಾರು ಸಲ ಅವರು ಅಲ್ಲಿ ಇಳಿದಿದ್ದರು.

"ಗಾಳಿ ಅಷ್ಟು ಹಿಡೀತೈತೇನು ತಂಗಿ?" ಎಂದು ಕೇಳಿದರು.

"ಹೂಂ ಸರ್. ಚೆನ್ನಾಗಿ ಹಿಡ್ಕೊಳ್ತದೆ."

"ಪುಸ್ತಕದಾಗ ಓದೀನಿ. ಹುಡುಗರಿಗೂ ಹೇಳೀನಿ," ಎಂದರು ಅವರು. "ಅದು ಹಿಡ್ಯೂದಕಿಂತ ಮೊದಲ ನಾನ ಹಿಡೀತಿದ್ದೆ. ಹೆಂಗಿತ್ತು, ಇನ್ನೊಮ್ಮೆ ಹೇಳು."

ಇಂಪನ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಎರಡೂ ಅಂಗೈಗಳನ್ನು ಮುಂದೆ ಚಾಚಿ, ಅದು ಹೇಗಿತ್ತು ಎಂದು ಅವರಿಗೆ ತೋರಿಸತೊಡಗಿದಳು.